ಆವೃತಬೀಜ ಸಸ್ಯಗಳ ವಿಕಾಸ ಮತ್ತು ವರ್ಗೀಕರಣ

ಬೀಜವನ್ನು ಕಾಯಿಯೊಳಗೆ ಮುಚ್ಚಿಟ್ಟು ಬೆಳೆಸುವ, ಹೂಬಿಡುವ ಸಸ್ಯಗಳಿಗೆ ಆವೃತಬೀಜ ಸಸ್ಯಗಳೆಂದು ಹೆಸರು. ನೆಲದ ಸಸ್ಯಸಮೂಹಗಳಲ್ಲಿ ಇದೇ ಅತಿ ದೊಡ್ಡದು. ಈವರೆಗೆ ವಿವರಿಸಲಾದ ಪ್ರಭೇದಗಳೇ ಮೂರು ಲಕ್ಷವನ್ನು ಮೀರುತ್ತವೆ. ಭಾರತದಲ್ಲಿ ಸುಮಾರು 18 ಸಾವಿರ ಪ್ರಭೇದಗಳಿವೆ. ಕೆರೆಯ ನೀರಿನ ಮೇಲೆ ರವೆಯ ಕಾಳಿನಂತೆ ತೇಲುವ ವುಲ್ಫಿಯ, ನೂರು ಮೀಟರ್ ಎತ್ತರಕ್ಕೇರುವ ಆಸ್ಟ್ರೇಲಿಯದ ನೀಲಗಿರಿ ಮರ, ಭತ್ತ, ರಾಗಿ, ತೆಂಗು, ಹತ್ತಿ, ತೇಗ ಎಲ್ಲವೂ ಈ ಗುಂಪಿಗೆ ಸೇರಿದವು. ಇಷ್ಟೊಂದು ವೈವಿಧ್ಯ ಯಾವಾಗ, ಹೇಗೆ ಹುಟ್ಟಿತು, ಇವುಗಳಲ್ಲಿ ಯಾವುದು ಯಾವುದಕ್ಕೆ ನಂಟು ಎಂಬುದು ಸಸ್ಯವಿಜ್ಞಾನದ ಹಳೆಯ ಪ್ರಶ್ನೆ.

ಈ ಪ್ರಶ್ನೆಯ ತೊಡಕನ್ನು ಒಂದೇ ಕೆರೆಯಲ್ಲಿ ಬೆಳೆಯುವ ಎರಡು ಹೂಗಳಲ್ಲಿ ಕಾಣಬಹುದು. ತಾವರೆಗೂ ನೈದಿಲೆಗೂ ಕೆಸರಿನಲ್ಲಿ ಹೂತ ಗಡ್ಡೆ, ಉದ್ದನೆಯ ತೊಟ್ಟು, ಅಗಲವಾದ ದುಂಡನೆಯ ಎಲೆ, ಸುತ್ತುಸುತ್ತಾಗಿ ಜೋಡಿಸಿದ ಹಲವಾರು ದಳ ಇವೆ. ಅವು ಒಂದೇ ಮನೆತನದವೆಂದು ಎರಡು ಶತಮಾನಗಳಿಗೂ ಮಿಕ್ಕಿ ಬಹುಪಾಲು ಸಸ್ಯವಿಜ್ಞಾನಿಗಳು ನಂಬಿದ್ದರು. ಇಂದಿನ ತಿಳಿವಳಿಕೆಯ ಪ್ರಕಾರ ನೈದಿಲೆ ಹೂಗಿಡಗಳ ವಂಶವೃಕ್ಷದ ಬುಡದಲ್ಲೇ ಕವಲೊಡೆದ ಸಸ್ಯ. ತಾವರೆಗೆ ಹತ್ತಿರದ ನಂಟು ಕೊಡಗು, ಚಿಕ್ಕಮಗಳೂರಿನ ಕಾಫಿತೋಟಗಳಲ್ಲಿ ನೆರಳಿಗೆಂದು ನೆಟ್ಟಿರುವ ಸಿಲ್ವರ್ ಓಕ್ ಮರದೊಂದಿಗೆ. ರೂಪದ ಹೋಲಿಕೆ ನೆಂಟಸ್ತಿಕೆಯ ಗುರುತಾಗಲೇಬೇಕಿಲ್ಲ ಎಂಬುದನ್ನು ಹಂತಹಂತವಾಗಿ ಕಲಿತದ್ದೇ ಈ ವರ್ಗೀಕರಣದ ಇತಿಹಾಸ.

ಮುಖ್ಯ ಲಕ್ಷಣಗಳು

ಪೈನ್, ಸೈಕಸ್ ಮುಂತಾದ ಅನಾವೃತಬೀಜ ಸಸ್ಯಗಳಲ್ಲಿ ಬೀಜವಾಗಲಿರುವ ಅಂಡಕ ತೆರೆದೇ ಇರುತ್ತದೆ. ಪರಾಗ ನೇರವಾಗಿ ಅದರ ಮೇಲೆ ಬೀಳುತ್ತದೆ. ಈ ವ್ಯತ್ಯಾಸವನ್ನು 1820ರ ದಶಕದಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬ್ರೌನ್ ಸ್ಪಷ್ಟಪಡಿಸಿದ. ಹೂಗಿಡಗಳಲ್ಲಿ ಅಂಡಕಗಳು ಕಾರ್ಪೆಲ್ ಎಂಬ ಮುಚ್ಚಿದ ಅಂಗದೊಳಗಿರುತ್ತವೆ. ಪರಾಗ ಅದರ ತುದಿಯಾದ ಶಲಾಕಾಗ್ರದ ಮೇಲೆ ಇಳಿದು, ನಳಿಕೆ ಬೆಳೆಸಿ, ಒಳಗೆ ದಾರಿ ಮಾಡಿಕೊಳ್ಳಬೇಕು. ಬೇಡದ ಪರಾಗವನ್ನು, ಎಷ್ಟೋ ಗಿಡಗಳಲ್ಲಿ ತನ್ನದೇ ಪರಾಗವನ್ನು ಕೂಡ, ತಡೆಯುವ ಅವಕಾಶ ಇದರಿಂದ ಒದಗಿತು. ಕಾರ್ಪೆಲ್ಲೇ ಮುಂದೆ ಕಾಯಿ ಅಥವಾ ಹಣ್ಣಾಗುತ್ತದೆ.

ಎರಡನೆಯ ಲಕ್ಷಣ ದ್ವಿಗುಣ ನಿಷೇಚನ. ಪರಾಗನಳಿಕೆ ತರುವ ಎರಡು ಗಂಡು ಕೋಶಗಳಲ್ಲಿ ಒಂದು ಅಂಡದೊಡನೆ ಸೇರಿ ಭ್ರೂಣವಾಗುತ್ತದೆ; ಇನ್ನೊಂದು ಅಂಡಕದೊಳಗಿನ ಬೇರೆ ಕೋಶದೊಡನೆ ಸೇರಿ ಭ್ರೂಣಕ್ಕೆ ಉಣಿಸುವ ಅಂಗಾಂಶವಾಗುತ್ತದೆ. ರಷ್ಯದ ಸೆರ್ಗೈ ನವಾಷಿನ್ ಇದನ್ನು ಲಿಲ್ಲಿ ಕುಟುಂಬದ ಗಿಡಗಳಲ್ಲಿ 1898ರಲ್ಲಿ ಕಂಡುಹಿಡಿದ. ನಾವು ಉಣ್ಣುವ ಅನ್ನ, ಕುಡಿಯುವ ಎಳನೀರು, ತುರಿಯುವ ಕಾಯಿ ಎಲ್ಲವೂ ಈ ಎರಡನೆಯ ಕೂಡಿಕೆಯ ಫಲ. ಭ್ರೂಣರಚನೆಯ ವಿವರಗಳನ್ನು ಕುಟುಂಬಗಳ ನಂಟು ಗುರುತಿಸಲು ಬಳಸುವ ಕ್ರಮವನ್ನು ಭಾರತದಲ್ಲಿ ಬಲಪಡಿಸಿದವರು ದೆಹಲಿ ವಿಶ್ವವಿದ್ಯಾಲಯದ ಪಂಚಾನನ ಮಹೇಶ್ವರಿ. ಈ ವಿಷಯದ ಮೇಲೆ 1950ರಲ್ಲಿ ಪ್ರಕಟವಾದ ಅವರ ಗ್ರಂಥ ಹಲವು ದೇಶಗಳಲ್ಲಿ ಪಠ್ಯವಾಯಿತು.

ಆರಂಭದ ವರ್ಗೀಕರಣಗಳು

ಗ್ರೀಸಿನ ಥಿಯೊಫ್ರಾಸ್ಟಸ್ ಕ್ರಿಸ್ತಪೂರ್ವ 4-3ನೆಯ ಶತಮಾನದಲ್ಲಿ ಸಸ್ಯಗಳನ್ನು ಮರ, ಪೊದೆ, ಕಿರುಪೊದೆ, ಮೂಲಿಕೆ ಎಂದು ವಿಂಗಡಿಸಿದ. ಇಟಲಿಯ ಆಂದ್ರೆಯ ಸೆಸಾಲ್ಪಿನೊ 1583ರಲ್ಲಿ ಹಣ್ಣು, ಬೀಜಗಳ ರಚನೆಯನ್ನು ಆಧಾರವಾಗಿ ಹಿಡಿದ. ಬೀಜದಲ್ಲಿ ಒಂದು ದಳವೋ ಎರಡೋ ಎಂಬ ಭೇದಕ್ಕೆ ವರ್ಗೀಕರಣದಲ್ಲಿ ಮಹತ್ವ ತಂದುಕೊಟ್ಟವನು ಇಂಗ್ಲೆಂಡಿನ ಜಾನ್ ರೇ. ಏಕದಳ, ದ್ವಿದಳ ಎಂಬ ಶಾಲಾಪಾಠದ ವಿಭಾಗದ ಬೇರು ಇಲ್ಲಿದೆ.

ಇದೇ ಕಾಲದಲ್ಲಿ ಭಾರತದ ಪಶ್ಚಿಮ ಕರಾವಳಿಯ ಸಸ್ಯಗಳ ತಿಳಿವಳಿಕೆ ಯುರೋಪನ್ನು ತಲುಪಿತು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ಟುಸ್ ಮಲಬಾರಿಕುಸ್’ ಎಂಬ 12 ಸಂಪುಟಗಳ ಗ್ರಂಥ 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಹಿಂದಿದ್ದದ್ದು ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರ ಜ್ಞಾನ. ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ ಭಾರತದ ಎಷ್ಟೋ ಸಸ್ಯಗಳಿಗೆ ಹೆಸರಿಡುವಾಗ ಈ ಸಂಪುಟಗಳ ಚಿತ್ರಗಳನ್ನೇ ಆಧರಿಸಿದ.

ಲಿನ್ನೇಯಸ್ ಸಸ್ಯಗಳನ್ನು ಮುಖ್ಯವಾಗಿ ಕೇಸರಗಳ ಸಂಖ್ಯೆ ಮತ್ತು ಜೋಡಣೆಯ ಮೇಲೆ 24 ವರ್ಗಗಳಾಗಿ ಹಂಚಿದ. ಕೇಸರ ಎಣಿಸಲು ಬಂದರೆ ಯಾರು ಬೇಕಾದರೂ ಗಿಡವನ್ನು ಗುರುತಿಸಬಹುದಾಗಿದ್ದ ಈ ಪದ್ಧತಿ ಬೇಗ ಹರಡಿತು. ಇದು ಗುರುತಿಗಾಗಿ ಮಾಡಿಕೊಂಡ ಕೃತಕ ಕ್ರಮವೆಂದು ಅವನಿಗೂ ಗೊತ್ತಿತ್ತು. ಅವನು ಬಿಟ್ಟುಹೋದದ್ದರಲ್ಲಿ ಹೆಚ್ಚು ಬಾಳಿದ್ದು ಎರಡು ಪದಗಳ ನಾಮಕರಣ. 1753ರಲ್ಲಿ ಬಂದ ‘ಸ್ಪೀಷೀಸ್ ಪ್ಲಾಂಟಾರಂ’ ಗ್ರಂಥವೇ ಇಂದಿಗೂ ಸಸ್ಯನಾಮಗಳ ಆರಂಭಬಿಂದು. ಆ ಗ್ರಂಥದಲ್ಲಿ ತಾವರೆ ‘ನಿಂಫೇಯ ನೆಲುಂಬೊ’, ಅಂದರೆ ನೈದಿಲೆಯ ಜಾತಿಗೇ ಸೇರಿದ ಒಂದು ಪ್ರಭೇದ.

ಒಂದೇ ಲಕ್ಷಣದ ಬದಲು ಹಲವು ಲಕ್ಷಣಗಳನ್ನು ತೂಗಿ ನೋಡುವ ಸಹಜ ಪದ್ಧತಿಗೆ ಫ್ರಾನ್ಸಿನ ಆಂತ್ವಾನ್ ಲೊರಾನ್ ದ ಜುಸ್ಸಿಯು 1789ರಲ್ಲಿ ಅಡಿಪಾಯ ಹಾಕಿದ. ಅದರ ಪ್ರೌಢ ರೂಪ ಇಂಗ್ಲೆಂಡಿನ ಜಾರ್ಜ್ ಬೆಂಥಮ್ ಮತ್ತು ಜೋಸೆಫ್ ಹೂಕರ್ 1862ರಿಂದ 1883ರವರೆಗೆ ಪ್ರಕಟಿಸಿದ ‘ಜೆನೆರ ಪ್ಲಾಂಟಾರಂ’. ಇವರು ಪ್ರತಿ ಜಾತಿಯ ವಿವರಣೆಯನ್ನೂ ಒಣಗಿಸಿದ ಮಾದರಿಗಳನ್ನು ಕಣ್ಣಾರೆ ನೋಡಿ ಬರೆದರು. ಭಾರತದ ಹಲವು ಹರ್ಬೇರಿಯಂಗಳ ಕಪಾಟುಗಳು ಇಂದಿಗೂ ಇವರ ಕ್ರಮದಲ್ಲೇ ಇವೆ. ಇಲ್ಲಿನ ಕಾಲೇಜು ಪಠ್ಯಗಳಲ್ಲೂ ಇದೇ ಮೊದಲ ಪಾಠ. ಇದರ ದೊಡ್ಡ ಕೊರತೆ ಎಂದರೆ ಅನಾವೃತಬೀಜ ಸಸ್ಯಗಳನ್ನು ದ್ವಿದಳ, ಏಕದಳಗಳ ನಡುವೆ ಕೂರಿಸಿದ್ದು. ತಾವರೆ ಇಲ್ಲಿಯೂ ನೈದಿಲೆಯ ಕುಟುಂಬದಲ್ಲೇ ಉಳಿಯಿತು.

ಡಾರ್ವಿನ್ನನ ಒಗಟು

1859ರಲ್ಲಿ ಚಾರ್ಲ್ಸ್ ಡಾರ್ವಿನ್ ವಿಕಾಸವಾದವನ್ನು ಮಂಡಿಸಿದ ಮೇಲೆ ವರ್ಗೀಕರಣದ ಅರ್ಥವೇ ಬದಲಾಯಿತು. ಒಂದು ಕುಟುಂಬವೆಂದರೆ ಹೋಲುವ ಗಿಡಗಳ ಕಟ್ಟು ಎನ್ನುವುದು ಹೋಗಿ, ಒಂದೇ ಪೂರ್ವಜನಿಂದ ಬಂದ ಸಂತತಿ ಎಂದಾಯಿತು. ಆದರೆ ಹೂಗಿಡಗಳೇ ಡಾರ್ವಿನ್ನನನ್ನು ಕಾಡಿದವು. ಆಗ ತಿಳಿದಿದ್ದ ಪಳೆಯುಳಿಕೆಗಳಲ್ಲಿ ಅವು ಕ್ರಿಟೇಷಿಯಸ್ ಯುಗದ ನಡುವೆ ಏಕಾಏಕಿ, ಅದೂ ನಾನಾ ರೂಪಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವು. ವಿಕಾಸ ಮೆಲ್ಲಮೆಲ್ಲನೆ ನಡೆಯುತ್ತದೆಂದು ವಾದಿಸಿದ ಅವನಿಗೆ ಇದು ನುಂಗಲಾರದ ತುತ್ತು. 1879ರ ಜುಲೈಯಲ್ಲಿ ಹೂಕರನಿಗೆ ಬರೆದ ಪತ್ರದಲ್ಲಿ ಇದನ್ನು ಜಿಗುಪ್ಸೆ ತರಿಸುವ ರಹಸ್ಯವೆಂದು ಕರೆದ.

ಮೊದಲ ಹೂವು ಹೇಗಿತ್ತು ಎಂಬ ಚರ್ಚೆಯಲ್ಲಿ ಎರಡು ಪಕ್ಷಗಳಾದವು. ಜರ್ಮನಿಯ ಅಡಾಲ್ಫ್ ಎಂಗ್ಲರ್ ತನ್ನ ವರ್ಗೀಕರಣದಲ್ಲಿ ದಳಗಳಿಲ್ಲದ, ಗಾಳಿಯಿಂದ ಪರಾಗಸ್ಪರ್ಶ ಪಡೆಯುವ ಸರಳ ಹೂಗಳ ಮರಗಳನ್ನು ದ್ವಿದಳಗಳಲ್ಲಿ ಮೊದಲಿಗಿಟ್ಟ. ಸರಳವಾದದ್ದೆಲ್ಲ ಪುರಾತನವಲ್ಲ, ಇದ್ದ ಭಾಗಗಳನ್ನು ಕಳೆದುಕೊಂಡೂ ಹೂವು ಸರಳವಾಗಬಹುದು ಎಂಬುದು ಎದುರು ಪಕ್ಷ. ಇಂಗ್ಲೆಂಡಿನ ಆರ್ಬರ್ ಮತ್ತು ಪಾರ್ಕಿನ್ 1907ರಲ್ಲಿ, ಅಮೆರಿಕದ ಚಾರ್ಲ್ಸ್ ಬೆಸ್ಸಿ 1915ರಲ್ಲಿ ಹೀಗೆ ವಾದಿಸಿದರು. ಇವರ ಪ್ರಕಾರ ಸಂಪಿಗೆಯಂತೆ ಉದ್ದನೆಯ ದಿಂಡಿನ ಮೇಲೆ ಬಿಡಿಬಿಡಿಯಾಗಿ ಹಲವಾರು ದಳ, ಕೇಸರ, ಕಾರ್ಪೆಲ್‌ಗಳನ್ನು ಹೊತ್ತ ಹೂವೇ ಹಳೆಯದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೆರೆದ ಅರ್ಮೇನಿಯದ ತಖ್ತಾಜಾನ್ ಮತ್ತು ಅಮೆರಿಕದ ಆರ್ಥರ್ ಕ್ರಾಂಕ್ವಿಸ್ಟರ ಪದ್ಧತಿಗಳು ಈ ವಾದವನ್ನೇ ಹಿಡಿದವು.

ಬಿ.ಜಿ.ಎಲ್. ಸ್ವಾಮಿ ಮತ್ತು ಅಂಬೊರೆಲ್ಲ

ಈ ಚರ್ಚೆಗೆ ಹೊಸ ಸಾಕ್ಷ್ಯ ಒದಗಿಸಿದವರಲ್ಲಿ ಕನ್ನಡದ ಲೇಖಕ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಒಬ್ಬರು. ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಇವರು 1940ರ ದಶಕದ ಕೊನೆಯಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿಯವರೊಡನೆ ಕೆಲಸ ಮಾಡಿದರು. ಪೆಸಿಫಿಕ್ ದ್ವೀಪಗಳ, ಆಸ್ಟ್ರೇಲಿಯದ ಅಪರೂಪದ ಮರಬಳ್ಳಿಗಳ ಒಳರಚನೆಯನ್ನು ಪರೀಕ್ಷಿಸಿ ಪುರಾತನ ಲಕ್ಷಣಗಳನ್ನು ಹುಡುಕುವುದು ಇಬ್ಬರ ಗುರಿ. ಫಿಜಿಯ ಡಿಜೆನೇರಿಯದಂಥ ಮರಗಳಲ್ಲಿ ಕಾರ್ಪೆಲ್ ಮಡಿಚಿದ ಎಲೆಯಂತಿದ್ದು ಅಂಚುಗಳು ಪೂರ್ತಿ ಬೆಸೆದಿರುವುದಿಲ್ಲ. ಮುಚ್ಚಿದ ಕಾರ್ಪೆಲ್ ಹೀಗೆ ಮಡಿಕೆಯಿಂದಲೇ ಶುರುವಾಯಿತೆಂಬ ವಾದವನ್ನು ಇಬ್ಬರೂ 1951ರಲ್ಲಿ ಮಂಡಿಸಿದರು. ದಶಕಗಳ ಕಾಲ ಪಠ್ಯಪುಸ್ತಕಗಳು ಅದನ್ನು ಉಲ್ಲೇಖಿಸಿದವು.

ಇದಕ್ಕೂ ಮೊದಲು, 1948ರಲ್ಲಿ, ಬೈಲಿ ಮತ್ತು ಸ್ವಾಮಿ ನ್ಯೂ ಕ್ಯಾಲೆಡೋನಿಯ ದ್ವೀಪದ ಅಂಬೊರೆಲ್ಲ ಎಂಬ ಪೊದೆಯ ಬಗ್ಗೆ ಲೇಖನ ಪ್ರಕಟಿಸಿದರು. ಹೂಗಿಡಗಳ ಕಾಂಡದಲ್ಲಿ ನೀರು ಸಾಗಿಸುವ ಕೊಳವೆಯಂಥ ನಾಳಗಳು ಸಾಮಾನ್ಯ. ಈ ಪೊದೆಯಲ್ಲಿ ಅವಿಲ್ಲವೆಂದು ಅವರು ತೋರಿಸಿದರು. ಮರುವರ್ಷ ಆಸ್ಟ್ರೇಲಿಯದ ಆಸ್ಟ್ರೊಬೈಲಿಯ ಬಳ್ಳಿಯನ್ನೂ ಹೀಗೆಯೇ ಅಭ್ಯಸಿಸಿದರು. ಆಗ ಇವು ಕುತೂಹಲದ ಸಸ್ಯಗಳು, ಅಷ್ಟೆ. ಅರ್ಧ ಶತಮಾನದ ನಂತರ ವಂಶವೃಕ್ಷದ ಬುಡದಲ್ಲಿ ಸಿಕ್ಕಿದ್ದು ಇವೇ ಎರಡು ಹೆಸರುಗಳು. ಕಾರ್ಪೆಲ್ ವಾದಕ್ಕೆ ಮಾತ್ರ ತಿದ್ದುಪಡಿಯಾಯಿತು: ಬುಡದ ಕವಲುಗಳಲ್ಲಿ ಕಾರ್ಪೆಲ್ ಮಡಿಕೆಗಿಂತ ಹೆಚ್ಚಾಗಿ ಕುಡಿಕೆಯಂತಿದೆ, ಅದರ ಬಾಯಿ ಮುಚ್ಚಿರುವುದು ಅಂಟಿನಂಥ ಸ್ರಾವದಿಂದ.

ಡಿಎನ್ಎ ಯುಗ

ಜರ್ಮನಿಯ ವಿಲ್ಲಿ ಹೆನ್ನಿಗ್ 1950ರಲ್ಲಿ ರೂಪಿಸಿದ ಕವಲು ವಿಶ್ಲೇಷಣೆಯ ನಿಯಮ ಸರಳ: ಹಳೆಯ ಲಕ್ಷಣವನ್ನು ಹಂಚಿಕೊಂಡರೆ ಸಾಲದು, ಹೊಸದಾಗಿ ಹುಟ್ಟಿದ ಲಕ್ಷಣವನ್ನು ಹಂಚಿಕೊಂಡವು ಮಾತ್ರ ಒಂದು ಸಂತತಿ. ಕಂಪ್ಯೂಟರು, ಡಿಎನ್ಎ ಎರಡೂ ಕೈಗೆ ಬಂದಾಗ ಈ ನಿಯಮವನ್ನು ದೊಡ್ಡ ಪ್ರಮಾಣದಲ್ಲಿ ಬಳಸಲು ಸಾಧ್ಯವಾಯಿತು. 1993ರಲ್ಲಿ ಮಾರ್ಕ್ ಚೇಸ್ ಮತ್ತು ನಲವತ್ತಕ್ಕೂ ಹೆಚ್ಚು ಸಹೋದ್ಯೋಗಿಗಳು ಕ್ಲೋರೊಪ್ಲಾಸ್ಟಿನ ಒಂದೇ ಜೀನನ್ನು 499 ಬೀಜಸಸ್ಯಗಳಲ್ಲಿ ಹೋಲಿಸಿ ವಂಶವೃಕ್ಷ ಬರೆದರು. ತಾವರೆ ಸಿಲ್ವರ್ ಓಕ್ ಮತ್ತು ಪ್ಲೇನ್ ಮರಗಳ ಪಕ್ಕಕ್ಕೆ ಬಂದದ್ದು ಈ ಅಧ್ಯಯನದಲ್ಲೇ. ಸುಳಿವು ಮೊದಲೇ ಇತ್ತು: ತಾವರೆಯ ಪರಾಗಕ್ಕೆ ಮೂರು ಸೀಳು, ನೈದಿಲೆಯದಕ್ಕೆ ಒಂದೇ ದ್ವಾರ. ಹೂವಿನ ಒಟ್ಟಂದದ ಮುಂದೆ ಬಹುತೇಕರಿಗೆ ಆ ಸೂಕ್ಷ್ಮದರ್ಶಕದ ಭೇದ ಸಣ್ಣದಾಗಿ ಕಂಡಿತ್ತು.

1999ರಲ್ಲಿ ಬೇರೆಬೇರೆ ಜೀನುಗಳನ್ನು ಬಳಸಿದ ಹಲವು ತಂಡಗಳು ಒಂದೇ ತೀರ್ಮಾನಕ್ಕೆ ಬಂದವು: ಬದುಕಿರುವ ಹೂಗಿಡಗಳಲ್ಲಿ ಮೊದಲು ಕವಲೊಡೆದದ್ದು ಅಂಬೊರೆಲ್ಲ, ಆಮೇಲೆ ನೈದಿಲೆಗಳು, ಅನಂತರ ಆಸ್ಟ್ರೊಬೈಲಿಯದ ಗುಂಪು. 2013ರಲ್ಲಿ ಅಂಬೊರೆಲ್ಲದ ಜೀನೋಮ್ ಪ್ರಕಟವಾದಾಗ, ಎಲ್ಲ ಹೂಗಿಡಗಳ ಸಮಾನ ಪೂರ್ವಜನಲ್ಲಿ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾಗಿತ್ತೆಂಬುದಕ್ಕೆ ಬಲ ಬಂತು. ಅಂಬೊರೆಲ್ಲವೇ ಆ ಪೂರ್ವಜನಲ್ಲ ಎಂಬುದನ್ನು ಮರೆಯುವಂತಿಲ್ಲ. ಅದೂ ನಮ್ಮ ಕಾಲದ ಗಿಡವೇ, ಬೇರೆಯವುಗಳಿಂದ ಮೊದಲೇ ಬೇರೆಯಾದ ಕವಲಿನದು.

ಇಂಥ ಡಿಎನ್ಎ ಅಧ್ಯಯನಗಳ ಅಲ್ಲಿಯವರೆಗಿನ ಫಲಿತಾಂಶಗಳನ್ನು ಒಟ್ಟುಗೂಡಿಸಿ ಆವೃತಬೀಜ ವಂಶಾವಳಿ ಬಳಗ, ಅಂದರೆ ಎಪಿಜಿ, 1998ರಲ್ಲಿ ಹೊಸ ವರ್ಗೀಕರಣ ಪ್ರಕಟಿಸಿತು. ಮೊದಲಿನಂತೆ ಒಬ್ಬ ಪಂಡಿತನ ಹೆಸರಿನ ಪದ್ಧತಿ ಅದಲ್ಲ. ಹಲವರು ಕೂಡಿ ಒಪ್ಪಿದ, ಸಾಕ್ಷ್ಯ ಬದಲಾದಂತೆ ತಿದ್ದಿಕೊಳ್ಳುವ ಪದ್ಧತಿ. 2003, 2009ರ ಪರಿಷ್ಕರಣೆಗಳ ಬಳಿಕ 2016ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ 64 ಗಣಗಳು, 416 ಕುಟುಂಬಗಳು ಇವೆ.

ಇಂದಿನ ವರ್ಗೀಕರಣದ ಸ್ಥೂಲ ಚಿತ್ರ

ಬುಡದ ಕವಲುಗಳು: ಅಂಬೊರೆಲ್ಲ, ನೈದಿಲೆಗಳು, ಆಸ್ಟ್ರೊಬೈಲಿಯದ ಗಣ. ಬಿರಿಯಾನಿಗೆ ಹಾಕುವ ಚಕ್ರಮೊಗ್ಗು ಈ ಮೂರನೆಯ ಗಣದ್ದು.

ಮ್ಯಾಗ್ನೋಲಿಡ್‌ಗಳು: ನಾಲ್ಕು ಗಣಗಳ ಗುಂಪು. ಸಂಪಿಗೆ, ಸೀತಾಫಲ, ಜಾಯಿಕಾಯಿ, ದಾಲ್ಚಿನ್ನಿ, ಕರಿಮೆಣಸು, ವೀಳ್ಯದೆಲೆ ಇಲ್ಲಿವೆ. ಉತ್ತರ ಕನ್ನಡದ ಕತ್ತಲೆಕಾನಿನಂಥ ಕಡೆ ಉಳಿದಿರುವ ಜೌಗುಕಾಡುಗಳ ಮುಖ್ಯ ಮರಗಳು ಜಾಯಿಕಾಯಿಯ ಕುಟುಂಬಕ್ಕೆ ಸೇರಿದವು.

ಏಕದಳ ಸಸ್ಯಗಳು: ಒಟ್ಟು ಪ್ರಭೇದಗಳಲ್ಲಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, 11 ಗಣಗಳು. ಹುಲ್ಲು, ತಾಳೆ, ಬಾಳೆ, ಶುಂಠಿ, ಈರುಳ್ಳಿ, ಆರ್ಕಿಡ್ ಎಲ್ಲ ಇಲ್ಲಿಯವು. ಎಳೆಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆ ಉಳಿದೆಲ್ಲ ಏಕದಳಗಳಿಂದ ಮೊದಲು ಬೇರೆಯಾದ ಕವಲು.

ನಿಜ ದ್ವಿದಳ ಸಸ್ಯಗಳು: ಪರಾಗಕ್ಕೆ ಮೂರು ಸೀಳುಗಳಿರುವುದು, ಅಥವಾ ಅದರಿಂದ ಹುಟ್ಟಿದ ಬೇರೆ ರಚನೆ, ಇವುಗಳ ಗುರುತು. ಹೂಗಿಡಗಳಲ್ಲಿ ಮುಕ್ಕಾಲು ಪಾಲು ಇವೇ. ತಾವರೆಯೂ ಇಲ್ಲಿದೆ.

ಹೀಗಾಗಿ ಹಳೆಯ ಪಠ್ಯಗಳ ‘ದ್ವಿದಳ’ ಎಂಬುದು ಒಂದೇ ಸಂತತಿಯಲ್ಲ. ಎರಡು ದಳದ ಬೀಜ ಹಳೆಯ ಲಕ್ಷಣ. ಅದನ್ನು ಉಳಿಸಿಕೊಂಡವೆಲ್ಲ ಒಂದೇ ಮನೆಯವಾಗಬೇಕಿಲ್ಲ.

ಮನೆಯಂಗಳದ ಗಿಡಗಳ ನಂಟುಗಳೂ ಬದಲಾಗಿವೆ. ಬೆಂಥಮ್ ಮತ್ತು ಹೂಕರ್ ಪಪ್ಪಾಯವನ್ನು ಪ್ಯಾಶನ್ ಹಣ್ಣಿನ ಬಳ್ಳಿಯ ಜೊತೆಗೂ, ನುಗ್ಗೆಯನ್ನು ಬೇರೆ ಕಡೆಗೂ ಇಟ್ಟಿದ್ದರು. ಇಂದು ಸಾಸಿವೆ, ನುಗ್ಗೆ, ಪಪ್ಪಾಯ ಮೂರೂ ಒಂದೇ ಗಣ. ಸಾಸಿವೆಯ ಘಾಟು, ನುಗ್ಗೆಬೇರಿನ ಖಾರ ಒಂದೇ ಬಗೆಯ ಗಂಧಕಯುಕ್ತ ರಾಸಾಯನಿಕದ ಗುಣ. ಆ ರಾಸಾಯನಿಕವಿರುವ ಕುಟುಂಬಗಳನ್ನು ಒಂದುಗೂಡಿಸಬೇಕೆಂದು ಡೆನ್ಮಾರ್ಕಿನಲ್ಲಿ ನೆಲೆಸಿದ್ದ ರಾಲ್ಫ್ ಡಾಲ್‌ಗ್ರೆನ್ 1970ರ ದಶಕದಲ್ಲೇ ಸೂಚಿಸಿದ್ದರು; ಡಿಎನ್ಎ ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ತೇಗ ಈಗ ತುಳಸಿಯ ಕುಟುಂಬದಲ್ಲಿದೆ. ಬೂರುಗ ದಾಸವಾಳದ ಕುಟುಂಬಕ್ಕೆ, ಎಕ್ಕ ಕಣಗಿಲೆಯ ಕುಟುಂಬಕ್ಕೆ ಸೇರಿಕೊಂಡಿವೆ.

ನಂಟು ಬದಲಾದರೆ ಹೆಸರೂ ಬದಲಾಗುತ್ತದೆ. ಅಕೇಶಿಯ ಜಾತಿ ಒಂದೇ ಸಂತತಿಯಲ್ಲವೆಂದು ತಿಳಿದಾಗ ಆ ಹೆಸರು ಯಾರಿಗೆ ಉಳಿಯಬೇಕೆಂಬ ವಾದ ಎದ್ದಿತು. 2005ರ ವಿಯೆನ್ನ ಸಸ್ಯವಿಜ್ಞಾನ ಸಮ್ಮೇಳನ ಸುಮಾರು ಸಾವಿರ ಪ್ರಭೇದಗಳಿರುವ ಆಸ್ಟ್ರೇಲಿಯದ ಗುಂಪಿಗೆ ಅದನ್ನು ಕೊಟ್ಟಿತು, 2011ರ ಮೆಲ್ಬರ್ನ್ ಸಮ್ಮೇಳನ ಒಪ್ಪಿತು. ಇದರಿಂದ ನಮ್ಮ ಬಯಲುಸೀಮೆಯ ಕರಿಜಾಲಿ ‘ವಚೆಲಿಯ’ವಾಯಿತು, ಹೊರಗಿನಿಂದ ತಂದು ಮಲೆನಾಡಿನಲ್ಲಿ ನೆಟ್ಟ ಅಕೇಶಿಯ ಮಾತ್ರ ಅಕೇಶಿಯವಾಗಿಯೇ ಉಳಿಯಿತು.

ಪಳೆಯುಳಿಕೆಗಳ ಸಾಕ್ಷ್ಯ

ಹೂಗಿಡಗಳ ಅತಿ ಹಳೆಯ ನಿಸ್ಸಂದೇಹ ಗುರುತು ಸುಮಾರು 13 ಕೋಟಿ ವರ್ಷಗಳಿಗಿಂತ ತುಸು ಹಿಂದಿನ ಪರಾಗಕಣಗಳು. ಚೀನದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಸಿಕ್ಕ, 1998ರಲ್ಲಿ ವಿವರಿಸಲಾದ ಆರ್ಕಿಫ್ರಕ್ಟಸ್ ಮೊದಲು ಜುರಾಸಿಕ್ ಯುಗದ್ದೆಂದು ಸುದ್ದಿಯಾಯಿತು. ಬಳಿಕ ಅದರ ವಯಸ್ಸು ಸುಮಾರು 12.5 ಕೋಟಿ ವರ್ಷಗಳೆಂದು ನಿಗದಿಯಾಯಿತು. ಹೂವು ಮೃದುವಾದ್ದರಿಂದ ಅಚ್ಚಳಿಯದೆ ಉಳಿಯುವುದು ಅಪರೂಪ. ಅಂಥ ಉಳಿವಿಗೆ ನೆರವಾದದ್ದು ಕಾಳ್ಗಿಚ್ಚು. ದಕ್ಷಿಣ ಸ್ವೀಡನ್ನಿನ ಮರಳಿನಲ್ಲಿ ಇದ್ದಿಲಾಗಿ ಉಳಿದ, ಕೆಲವೇ ಮಿಲಿಮೀಟರಿನ ಹೂಗಳನ್ನು ಎಲ್ಸ್ ಮರೀ ಫ್ರೀಸ್ 1980ರ ದಶಕದಿಂದ ವಿವರಿಸತೊಡಗಿದರು. ಜರಡಿ ಹಿಡಿದು ತೆಗೆದ ಈ ಕಾಳುಗಳಲ್ಲಿ ಕೇಸರ, ಪರಾಗ ಎಲ್ಲವೂ ಇಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಾಣುತ್ತವೆ. ಡಾರ್ವಿನ್ ಹುಡುಕದಿದ್ದದ್ದು ಇಂಥ ಸಣ್ಣ ಹೂಗಳನ್ನೇ.

ಭಾರತದ ಸಾಕ್ಷ್ಯ ಮುಖ್ಯವಾಗಿ ದಖ್ಖನ್ನಿನ ಲಾವಾ ಪದರಗಳ ನಡುವಿನದು. ಮಧ್ಯಪ್ರದೇಶದ ಮೊಹಗಾಂವ್ ಕಲಾನ್‌ನಲ್ಲಿ ಸಿಕ್ಕ ಹೂವಿಗೆ ಪಳೆಯುಳಿಕೆ ಸಸ್ಯವಿಜ್ಞಾನಿ ಬೀರಬಲ ಸಾಹನಿಯವರ ಗೌರವಾರ್ಥ ‘ಸಾಹನಿಯಾಂಥಸ್’ ಎಂದು ಹೆಸರಿಟ್ಟಿದ್ದಾರೆ. ಮಹಾರಾಷ್ಟ್ರದ ಪಿಸ್ದೂರದಲ್ಲಿ ದೊರೆತ ಡೈನೊಸಾರ್ ಲದ್ದಿಯ ಪಳೆಯುಳಿಕೆಗಳಲ್ಲಿ ಹುಲ್ಲಿನ ಸಿಲಿಕಾ ಕಣಗಳಿವೆಯೆಂದು ಲಖನೌದ ಬೀರಬಲ ಸಾಹನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಡೈನೊಸಾರ್‌ಗಳು ಅಳಿದ ಮೇಲೆ ಹುಲ್ಲು ವೈವಿಧ್ಯ ಪಡೆಯಿತೆಂಬ ನಂಬಿಕೆ ಅದರಿಂದ ಸಡಿಲಿತು. 2011ರಲ್ಲಿ ಇವುಗಳಲ್ಲಿ ಭತ್ತದ ಪಂಗಡಕ್ಕೆ ಹತ್ತಿರದವೂ ಇವೆಯೆಂದು ಗೊತ್ತಾಯಿತು.

ಯಶಸ್ಸಿನ ಕಾರಣಗಳು

ಹೂಗಿಡಗಳು ಹರಡಿದ್ದಕ್ಕೆ ಒಂದೇ ಕಾರಣವಿಲ್ಲ. ಕೀಟಗಳೊಂದಿಗಿನ ಕೊಡುಕೊಳೆ, ಹಣ್ಣಿನ ಮೂಲಕ ಬೀಜಪ್ರಸಾರ, ಬೇಗ ಮುಗಿಯುವ ಜೀವನಚಕ್ರ ಇವು ಮೊದಲಿನಿಂದ ಹೇಳುತ್ತ ಬಂದವು. ಎಲೆಯಲ್ಲಿ ನರಗಳ ದಟ್ಟಣೆ ಹೆಚ್ಚಿ, ನೀರಿನ ಪೂರೈಕೆಯೂ ಆಹಾರ ತಯಾರಿಕೆಯೂ ಚುರುಕಾದದ್ದು ಇತ್ತೀಚೆಗೆ ಸೇರಿದ ವಿವರಣೆ. ಹೂವಿನ ಭಾಗಗಳೇ ಸುಲಭವಾಗಿ ಮಾರ್ಪಡುತ್ತವೆ. ಅವು ಎಲೆಯ ರೂಪಾಂತರವೆಂದು ಜರ್ಮನಿಯ ಕವಿ ಗಯಟೆ 1790ರಲ್ಲೇ ಹೇಳಿದ್ದ. ಮೂರು ಗುಂಪಿನ ಜೀನುಗಳು ಬೇರೆಬೇರೆ ಜೋಡಣೆಯಲ್ಲಿ ದಳ, ಕೇಸರ, ಕಾರ್ಪೆಲ್‌ಗಳನ್ನು ನಿರ್ಧರಿಸುವುದನ್ನು ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೆಯರೊವಿಟ್ಸ್ 1991ರಲ್ಲಿ ವಿವರಿಸಿದರು. ಒತ್ತೊತ್ತಾಗಿ ದಳ ತುಂಬಿದ ದಾಸವಾಳದಲ್ಲಿ ಕೇಸರವಾಗಬೇಕಿದ್ದವು ದಳಗಳಾಗಿರುವುದು ಇಂಥ ಬದಲಾವಣೆಯಿಂದ.

ಸಂಶೋಧನೆಯ ಇಂದಿನ ಕ್ರಮ

ಡಿಎನ್ಎ ಬಂದರೂ ಕೆಲಸ ಶುರುವಾಗುವುದು ಕಾಡಿನಲ್ಲೇ. ಹೂ, ಕಾಯಿ ಸಹಿತ ರೆಂಬೆ ಕೊಯ್ದು, ಕಾಗದಗಳ ನಡುವೆ ಒತ್ತಿ ಒಣಗಿಸಿ, ಸ್ಥಳ, ದಿನಾಂಕ, ಬಣ್ಣ, ವಾಸನೆ ಬರೆದು ಹರ್ಬೇರಿಯಂನಲ್ಲಿಡುತ್ತಾರೆ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಇಂಥ ಒಂದು ಹಾಳೆಯನ್ನು ಮೂಲಮಾದರಿಯೆಂದು ಗೊತ್ತುಪಡಿಸಬೇಕು. 1890ರಲ್ಲಿ ಸ್ಥಾಪನೆಯಾದ ಭಾರತೀಯ ಸಸ್ಯ ಸರ್ವೇಕ್ಷಣೆ ಈ ಕೆಲಸದ ರಾಷ್ಟ್ರೀಯ ಸಂಸ್ಥೆ. ಕರ್ನಾಟಕದಲ್ಲಿ ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕೊಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ (1976) ಮಾದರಿ ಎನಿಸಿತು. ಸಲ್ಡಾನಾ 1984ರಿಂದ ಇಡೀ ರಾಜ್ಯದ ಸಸ್ಯಸಂಪುಟಗಳನ್ನು ತಂದರು.

ಹಳೆಯ ಹಾಳೆಗಳಿಗೆ ಈಗ ಹೊಸ ಬಳಕೆ ಬಂದಿದೆ. ಲಂಡನ್ನಿನ ಕ್ಯೂ ಉದ್ಯಾನದ ನೇತೃತ್ವದಲ್ಲಿ 2024ರಲ್ಲಿ ಪ್ರಕಟವಾದ ವಂಶವೃಕ್ಷ 353 ಜೀನುಗಳನ್ನು 9,506 ಪ್ರಭೇದಗಳಲ್ಲಿ ಹೋಲಿಸಿತು. ಅದಕ್ಕೆ ಬಳಸಿದ ಡಿಎನ್ಎಯಲ್ಲಿ ನೇಪಾಳದಲ್ಲಿ ಸುಮಾರು 200 ವರ್ಷಗಳ ಹಿಂದೆ ಸಂಗ್ರಹಿಸಿದ ಗಿಡದ್ದೂ ಇದೆ. ಕಾಲ ನಿಗದಿಗೆ 200 ಪಳೆಯುಳಿಕೆಗಳನ್ನು ಆಧಾರವಾಗಿ ಹಿಡಿದರು. ಇಂದಿನ ಪ್ರಮುಖ ವಂಶಗಳಲ್ಲಿ ಶೇಕಡ 80ಕ್ಕೂ ಹೆಚ್ಚಿನವು ಆರಂಭದ ಒಂದೇ ಹುಲುಸು ಕಾಲದಲ್ಲಿ ಬೇರೆಯಾದವೆಂದೂ, ಸುಮಾರು 4 ಕೋಟಿ ವರ್ಷಗಳ ಹಿಂದೆ ಮತ್ತೊಂದು ಏರಿಕೆ ಕಂಡುಬಂತೆಂದೂ ಆ ಅಧ್ಯಯನ ಹೇಳುತ್ತದೆ.

ಉಳಿದ ಪ್ರಶ್ನೆಗಳು

ಹೂಗಿಡಗಳಿಗೆ ಅತಿ ಹತ್ತಿರದ ಪೂರ್ವಜ ಯಾವುದೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ನೀಟಂ ಮುಂತಾದ ಅನಾವೃತಬೀಜ ಸಸ್ಯಗಳೇ ಹತ್ತಿರದ ನೆಂಟರೆಂಬ ವಾದ 1980ರ ದಶಕದಲ್ಲಿ ಬಲವಾಗಿತ್ತು. ಡಿಎನ್ಎ ಅವನ್ನು ಪೈನ್‌ಗಳ ಕಡೆಗೆ ತಳ್ಳಿತು. ಗ್ಲಾಸಾಪ್ಟೆರಿಸ್, ಕೇಟೋನಿಯ ಮುಂತಾದ ಅಳಿದ ಬೀಜಸಸ್ಯಗಳಲ್ಲಿ ಕಾರ್ಪೆಲ್ಲಿನ ಮೂಲವನ್ನು ಹುಡುಕುತ್ತಿದ್ದಾರೆ. ಜೀನುಗಳ ಕಾಲಗಣನೆ ಹಲವು ಬಾರಿ ಹೂಗಿಡಗಳ ಹುಟ್ಟನ್ನು ಜುರಾಸಿಕ್ ಯುಗಕ್ಕೋ ಅದಕ್ಕೂ ಹಿಂದಕ್ಕೋ ಒಯ್ಯುತ್ತದೆ, ನಿಸ್ಸಂದೇಹ ಪಳೆಯುಳಿಕೆಗಳು ಮಾತ್ರ ಕ್ರಿಟೇಷಿಯಸ್‌ನಿಂದ ಹಿಂದೆ ಹೋಗುವುದಿಲ್ಲ. ಏಕದಳ, ಮ್ಯಾಗ್ನೋಲಿಡ್, ನಿಜ ದ್ವಿದಳಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರ ಎಂಬ ಬಗ್ಗೆ ಕ್ಲೋರೊಪ್ಲಾಸ್ಟಿನ ಜೀನುಗಳೂ ಕೋಶಕೇಂದ್ರದ ಜೀನುಗಳೂ ಬೇರೆಬೇರೆ ಉತ್ತರ ಕೊಡುತ್ತವೆ. ಮೊದಮೊದಲ ಕವಲುಗಳು ಬೇಗಬೇಗನೆ ಒಡೆದದ್ದು, ಪ್ರಭೇದಗಳು ಬೆರೆತದ್ದು ಇದಕ್ಕೆ ಕಾರಣವಿರಬಹುದು. ಲಿನ್ನೇಯಸ್ ತಾವರೆಯನ್ನು ನೈದಿಲೆಯ ಜಾತಿಗೆ ಸೇರಿಸಿದ್ದು ಕಣ್ಣಿಗೆ ಕಂಡದ್ದನ್ನು ನಂಬಿ. ಇಂದಿನ 416 ಕುಟುಂಬಗಳೂ ಈಗ ಕೈಯಲ್ಲಿರುವ ಸಾಕ್ಷ್ಯ ಹೇಳುವಷ್ಟನ್ನೇ ಹೇಳುತ್ತವೆ.